ಇಡಿಯಾಗಿ ಕೇಳಿದ ವರ್ಷ

ವರ್ಷದ ಕೊನೆಗೆ ಹಾಡಿನ ಆ್ಯಪ್‌ಗಳು ಎಲ್ಲರಿಗೂ ಒಂದು ಲೆಕ್ಕ ಕಳಿಸುತ್ತವೆ. ನೀವು ಅತಿ ಹೆಚ್ಚು ಕೇಳಿದ ಹಾಡು ಇದು, ಗಾಯಕರು ಇವರು, ಒಟ್ಟು ಇಷ್ಟು ನಿಮಿಷ. 2024ರ ಡಿಸೆಂಬರಿನಲ್ಲಿ ನನಗೂ ಬಂತು. ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಅದನ್ನು ನೋಡಿದಾಗ ಅನ್ನಿಸಿದ್ದು ಇಷ್ಟೇ: ಇದು ಕಿರ್ದಿ, ಖಾತೆ ಅಲ್ಲ. ಕಿರ್ದಿಯಲ್ಲಿ ಅಂದಂದಿನ ವ್ಯವಹಾರ ಬಂದ ಸರದಿಯಲ್ಲೇ ಇಳಿಯುತ್ತದೆ. ಒಬ್ಬ ರೈತನಿಗೂ ಮಂಡಿಗೂ ವರ್ಷವಿಡೀ ಏನು ನಡೆಯಿತು ಅಂತ ತಿಳಿಯಬೇಕಾದರೆ ಅವನ ಖಾತೆಯನ್ನೇ ತೆರೆಯಬೇಕು. ಫೋನಿನ ಪಟ್ಟಿಯಲ್ಲಿ ಹಾಡುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ನನ್ನ ಮಟ್ಟಿಗೆ ಅದು ಆಲ್ಬಂಗಳ ವರ್ಷ. ಅದರ ಖಾತೆ ನಾನೇ ಬರೆದುಕೊಳ್ಳಬೇಕು. ಈ ಬರಹ ಅದೇ.

ಒಂದೇ ಹೆಸರಿನಡಿ ಹತ್ತು ಹಾಡು ಬಂದ ಮಾತ್ರಕ್ಕೆ ನಾನು ಅದನ್ನು ಆಲ್ಬಂ ಅನ್ನುವುದಿಲ್ಲ. ಯಾವುದು ಮೊದಲು, ಯಾವುದರ ಪಕ್ಕ ಯಾವುದು, ತಾಳ ಎಲ್ಲಿ ಶುರುವಾಗಬೇಕು, ಎಲ್ಲಿ ವಾದ್ಯಗಳೆಲ್ಲ ಸುಮ್ಮನಿರಬೇಕು ಎಂದು ಯಾರೋ ಕೂತು ಯೋಚಿಸಿರಬೇಕು. ಆ ಯೋಚನೆ ಕಿವಿಗೆ ಗೊತ್ತಾಗಬೇಕು. ಹಾಗಾಗಿ ನಾನು ಕೇಳುವುದು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅವರು ಜೋಡಿಸಿದ ಕ್ರಮದಲ್ಲೇ. ಸಂಜೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತಾ ಕೇಳುತ್ತೇನೆ, ಇಲ್ಲವೇ ಬಸ್ಸಿನಲ್ಲಿ.

ಆ ವರ್ಷ ನನ್ನನ್ನು ಹೆಚ್ಚು ಹಿಡಿದಿಟ್ಟ ಆಲ್ಬಂ ಅರೂಜ್ ಆಫ್ತಾಬ್ ಅವರ ‘ನೈಟ್ ರೇನ್’ (Night Reign, ರಾತ್ರಿಯ ಆಳ್ವಿಕೆ). 2024ರ ಮೇ 31ರಂದು ಬಂತು. ಲಾಹೋರಿನಲ್ಲಿ ಬೆಳೆದು, ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತು, ನ್ಯೂಯಾರ್ಕಿನಲ್ಲಿ ನೆಲೆಸಿದ ಗಾಯಕಿ. 2022ರಲ್ಲಿ ‘ಮೊಹಬ್ಬತ್’ ಹಾಡಿಗೆ ಗ್ರ್ಯಾಮಿ ಬಂದಾಗ ಅವರ ಹೆಸರು ಕೇಳಿದ್ದೆ, ಅಷ್ಟೆ. ಈ ಆಲ್ಬಂ ಕಡೆಗೆ ನನ್ನನ್ನು ತಿರುಗಿಸಿದವಳು ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು. ‘ರಾತ್ ಕಿ ರಾನಿ’ ಹಾಡಿನ ಲಿಂಕ್ ಕಳಿಸಿ, “ಮಾಮ, ಇದು ನಿಂಗೆ ಹಿಡಸ್ತತಿ ನೋಡು, ನಿಧಾನ ಐತಿ” ಅಂದಿದ್ದಳು. ಹಿಡಿಸಿತು. ಆದರೆ ಆ ಹಾಡು ಆಲ್ಬಂನಲ್ಲಿ ಏಳನೆಯದು. ಮೊದಲ ಆರನ್ನು ದಾಟಿ ಅದರ ಹತ್ತಿರ ಬಂದಾಗ ಅದು ಬೇರೆಯೇ ಹಾಡಾಗಿ ಕೇಳಿಸಿತು.

ಹೆಂಡತಿಯ ತವರು ಚಿತ್ರದುರ್ಗ. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ಸರಿಯಾಗಿ ಒಂದು ಆಲ್ಬಂ ಮುಗಿಯುವಷ್ಟು ದಾರಿ. ‘ನೈಟ್ ರೇನ್’ಅನ್ನು ನಾನು ಮನಸ್ಸಿಟ್ಟು ಕೇಳಿದ್ದು ಆ ದಾರಿಯಲ್ಲಿ, ಕತ್ತಲಾದ ಮೇಲಿನ ಬಸ್ಸಿನಲ್ಲಿ. ಆನಗೋಡಿನ ದೀಪಗಳು ಹಿಂದಾಗಿ, ಭರಮಸಾಗರ ದಾಟಿ, ದುರ್ಗದ ಗುಡ್ಡಸಾಲು ಹತ್ತಿರವಾಗುವ ಹೊತ್ತಿಗೆ ಒಂಬತ್ತನೆಯ ಹಾಡು ಮುಗಿಯುತ್ತಿತ್ತು. ಆಲ್ಬಂನ ಬಹುಭಾಗದಲ್ಲಿ ದಪ್ಪ ತಾಳವೇ ಇಲ್ಲ. ಹಾರ್ಪ್‌ನ ತಂತಿ, ಬಾಸ್‌ನ ಗುಂಯ್‌ಗುಡುವಿಕೆ, ಪಿಯಾನೊದ ಒಂದೊಂದೇ ಮನೆ, ಅವುಗಳ ನಡುವೆ ತಗ್ಗು ಸ್ಥಾಯಿಯನ್ನು ಬಿಟ್ಟು ಏಳಲು ಮನಸ್ಸೇ ಇಲ್ಲದ ದನಿ. ಗಂಟಲನ್ನು ಎಲ್ಲೂ ಮೆರೆಸುವುದಿಲ್ಲ. ತಾರಸ್ಥಾಯಿಗೆ ಹೋಗಿ ಚಪ್ಪಾಳೆ ಗಿಟ್ಟಿಸಬಹುದಾದ ಕಡೆಯೂ ತಗ್ಗಿನಲ್ಲೇ ನಿಂತು ಅದೇ ಸಾಲನ್ನು ಇನ್ನೊಮ್ಮೆ ಹೇಳುತ್ತಾರೆ. ಎರಡನೆಯ ಸಲ ಅದೇ ಸಾಲಿನ ಭಾರ ಹೆಚ್ಚಾಗಿರುತ್ತದೆ.

ಈ ಆಲ್ಬಂನ ಎರಡನೆಯ ಹಾಡು ‘ನಾ ಗುಲ್’, ಐದನೆಯದು ‘ಸಾಕಿ’. ಎರಡರ ಸಾಹಿತ್ಯವೂ ಮಾಹ್ ಲಖಾ ಬಾಯಿ ಚಂದಾ ಅವರದು. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಈ ಕವಯಿತ್ರಿ ಹೈದರಾಬಾದಿನ ನಿಜಾಮರ ಆಸ್ಥಾನದಲ್ಲಿದ್ದವರು. ಹಾಡು, ನೃತ್ಯ, ಕಾವ್ಯ ಮೂರರಲ್ಲೂ ಹೆಸರಾದವರು. ಉರ್ದುವಿನಲ್ಲಿ ಸ್ವಂತ ಕವಿತೆಗಳ ಸಂಕಲನವುಳ್ಳ ಮೊದಲ ಹೆಂಗಸರ ಸಾಲಿನಲ್ಲಿ ಅವರ ಹೆಸರು ಬರುತ್ತದೆ. ಸಮಾಧಿ ಹೈದರಾಬಾದಿನ ಮೌಲಾ ಅಲಿಯಲ್ಲಿದೆ. ನಮ್ಮ ದಖ್ಖನಿನವರೇ ಅನ್ನಿ. ಅವರು ತೀರಿಕೊಂಡು ಸರಿಯಾಗಿ 200 ವರ್ಷಕ್ಕೆ ಅವರ ಗಜಲ್ ನ್ಯೂಯಾರ್ಕಿನಿಂದ ಹೊರಟು ದಾವಣಗೆರೆಯ ಬಸ್ಸಿನಲ್ಲಿ ನನ್ನ ಕಿವಿಗೆ ಬಿತ್ತು. ಇದನ್ನು ತಿಳಿದ ದಿನ ನನಗಾದ ಸಂತೋಷವನ್ನು ಮಂಡಿಯಲ್ಲಿ ಯಾರಿಗೆ ಹೇಳಿಕೊಳ್ಳಲಿ ಎಂದು ಗೊತ್ತಾಗಲಿಲ್ಲ.

ಕ್ರಮದ ಮಾತು ಹೇಳಿದೆನಲ್ಲ, ಇಲ್ಲಿ ನೋಡಿ. ಹೂವಿನ ಮಾತೆತ್ತುವ ‘ನಾ ಗುಲ್’ ಮುಗಿದ ಕೂಡಲೇ ಬರುವ ಮೂರನೆಯ ಹಾಡು ‘ಆಟಂ ಲೀವ್ಸ್’. ಜ್ಯಾಝ್ ಹಾಡುವವರೆಲ್ಲ ಒಮ್ಮೆಯಾದರೂ ಹಾಡಿರುವ, ಶರತ್ಕಾಲದಲ್ಲಿ ಉದುರುವ ಎಲೆಗಳ ಹಾಡು ಅದು. ಹದಿನೆಂಟನೆಯ ಶತಮಾನದ ಹೈದರಾಬಾದಿನಿಂದ ಇಪ್ಪತ್ತನೆಯ ಶತಮಾನದ ಪಶ್ಚಿಮಕ್ಕೆ, ಹೂವಿನಿಂದ ಉದುರೆಲೆಗೆ. ಎರಡನ್ನೂ ಬೇರೆ ಬೇರೆ ದಿನ ಕೇಳಿದ್ದರೆ ನನಗೆ ಈ ಸಂಬಂಧ ಹೊಳೆಯುತ್ತಿರಲಿಲ್ಲ. ಆಮೇಲೆ ‘ರಾತ್ ಕಿ ರಾನಿ’ ಬರುವಾಗ, ಕತ್ತಲಲ್ಲೇ ಅರಳಿ ಕತ್ತಲಲ್ಲೇ ಪರಿಮಳ ಬಿಡುವ ಹೂವಾಗಿ, ಮೊದಲು ಬಂದ ಹೂವಿಗೆ ಮಾರುತ್ತರ ಕೊಟ್ಟಂತಾಗುತ್ತದೆ. ಅಕ್ಕನ ಮಗಳು ಕಳಿಸಿದ ಲಿಂಕಿನಲ್ಲಿ ಇದು ಇರಲಿಲ್ಲ. ಹಾಡು ಅದೇ, ಆದರೆ ಅದಕ್ಕೆ ಹಿಂದೆ ಮುಂದೆ ಯಾರೂ ಇರಲಿಲ್ಲ.

ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಗೆಳೆಯನೊಬ್ಬ ಉರ್ದು ಚೆನ್ನಾಗಿ ಓದುತ್ತಾನೆ. ಒಂದು ಸಂಜೆ ಭಟ್ಟಿಯ ಹೊರಗಿನ ಕಟ್ಟೆಯ ಮೇಲೆ ಕೂತು ಅವನಿಗೆ ‘ಸಾಕಿ’ ಕೇಳಿಸಿದೆ. ವಿಜಯ್ ಅಯ್ಯರ್ ಅವರ ಪಿಯಾನೊ ಇದೆ ಅದರಲ್ಲಿ. “ಎಷ್ಟ್ ನಿಧಾನ ಹಾಡ್ತಾರಣ್ಣ, ಒಂದ್ ಮಾತಿಂದ ಇನ್ನೊಂದ್ ಮಾತಿಗೆ ಹೋಗೋದ್ರಾಗೆ ನಾನು ಒಂದ್ ಚೀಲ ತುಂಬಿಸ್ಬೋದು” ಅಂದ. ಅಂದವನು ಎದ್ದು ಹೋಗಲಿಲ್ಲ. ಮುಗಿದ ಮೇಲೆ ಸಾಹಿತ್ಯವನ್ನು ಫೋನಿನಲ್ಲಿ ಹುಡುಕಿ, ನಾಲ್ಕು ಶೇರ್‌ಗಳನ್ನು ಜೋರಾಗಿ ಓದಿ, ಅರ್ಥ ಬಿಡಿಸಿ ಹೇಳಿದ. ಆಮೇಲೆ ಇನ್ನೊಮ್ಮೆ ಹಾಕಿಸಿಕೊಂಡ. ಈ ಸಲ ಚೀಲದ ಮಾತು ಬರಲಿಲ್ಲ.

ಪೂರ್ತಿ ಕೇಳುವುದಕ್ಕೆ ಈಗ ಒಂದಿಷ್ಟು ಹಟ ಬೇಕು, ಯಾಕೆಂದರೆ ಯಂತ್ರಗಳು ಅದಕ್ಕೆ ಅನುಕೂಲವಾಗಿ ತಯಾರಾಗಿಲ್ಲ. ಹಾಡಿನ ಆ್ಯಪ್ ಸ್ಪಾಟಿಫೈ ಭಾರತಕ್ಕೆ 2019ರಲ್ಲಿ ಬಂತು. ಅಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಮೂವತ್ತರ ಮೊದಲೇ ಕೇಳುಗ ಎದ್ದು ಹೋದರೆ ಹಾಡಿದವರಿಗೆ ಏನೂ ಇಲ್ಲ. ಹಾಗಾಗಿ ಪೀಠಿಕೆ ಮೊಟಕಾಯಿತು, ಆಲಾಪ ಹೋಯಿತು, ಪಲ್ಲವಿ ಬಾಗಿಲಲ್ಲೇ ಬಂದು ನಿಲ್ಲುವಂತಾಯಿತು. 2024ರಿಂದ ಇನ್ನೊಂದು ನಿಯಮ ಸೇರಿತು: ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಎಣಿಕೆ ಮುಟ್ಟದ ಹಾಡಿಗೆ ಸಂಭಾವನೆಯೇ ಇಲ್ಲ. ದೊಡ್ಡವರಿಗೆ ಇದು ತಾಗುವುದಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು ಎಂಟು ಹಾಡಿನ ಕನ್ನಡ ಆಲ್ಬಂ ಮಾಡುವ ಹುಡುಗನಿಗೆ ತಾಗುತ್ತದೆ. ಅವನ ಒಂದು ಹಾಡು ಓಡಿದರೂ ಆರನೆಯದು, ಏಳನೆಯದು ಸಾವಿರ ಮುಟ್ಟುವುದು ಕಷ್ಟ. ಆ ಆರನೆಯದನ್ನು ಇನ್ನು ಮುಂದೆ ಅವನು ಯಾಕಾದರೂ ಮಾಡಿಯಾನು?

ಹಾಡುಗಳ ಕ್ರಮವನ್ನು ಕಲಸಿ ಹಾಕುವ ಷಫಲ್ ಎಂಬ ಗುಂಡಿಯ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು. 2021ರ ನವೆಂಬರಿನಲ್ಲಿ ಗಾಯಕಿ ಅಡೆಲ್ ತಮ್ಮ ‘30’ ಆಲ್ಬಂ ಬಂದ ಹೊತ್ತಿನಲ್ಲಿ ಸ್ಪಾಟಿಫೈಗೆ ಕೇಳಿಕೊಂಡು ಆಲ್ಬಂ ಪುಟದಲ್ಲಿ ಆ ಗುಂಡಿ ತಾನಾಗಿ ಮೊದಲು ಬರದಂತೆ ಮಾಡಿಸಿದರು. ಹಾಡುಗಳ ಸಾಲನ್ನು ನಾವು ಸುಮ್ಮನೆ ಜೋಡಿಸುವುದಿಲ್ಲ, ಅದರಲ್ಲಿ ಒಂದು ಕಥೆ ಇರುತ್ತದೆ ಎಂಬುದು ಅವರ ವಾದ. ಅಷ್ಟು ದೊಡ್ಡ ಗಾಯಕಿ ಬಾಯಿ ಬಿಟ್ಟು ಹೇಳಿದ್ದರಿಂದ ಅದು ಆಯಿತು.

ನಮ್ಮಲ್ಲಿ 2024ರ ಹಾಡು ಯಾವುದೆಂದು ಕೇಳಿದರೆ ದಾವಣಗೆರೆಯ ಯಾವ ಆಟೋದವರೂ ಒಂದೇ ಉತ್ತರ ಕೊಟ್ಟಾರು: ‘ದ್ವಾಪರ’. ‘ಕೃಷ್ಣಂ ಪ್ರಣಯ ಸಖಿ’ ಸಿನಿಮಾದ್ದು. ಅರ್ಜುನ್ ಜನ್ಯ ಅವರ ಸಂಗೀತ, ವಿ. ನಾಗೇಂದ್ರ ಪ್ರಸಾದ್ ಅವರ ಸಾಹಿತ್ಯ. ಪಂಜಾಬಿನ ಹುಡುಗ ಜಸ್ಕರಣ್ ಸಿಂಗ್ ಕನ್ನಡವನ್ನು ಅಷ್ಟು ಅಚ್ಚುಕಟ್ಟಾಗಿ ನುಡಿದದ್ದು ನನಗೂ ಪ್ರೀತಿ. ಗಣೇಶನ ಮೆರವಣಿಗೆಯಲ್ಲಿ, ಮದುವೆ ಮಂಟಪದಲ್ಲಿ, ಬೆಣ್ಣೆದೋಸೆ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕದ ಫೋನಿನಲ್ಲಿ ಅದೇ. ಕೇಳಿ ಸುಸ್ತಾಗಲಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಆ ಸಿನಿಮಾದ ಉಳಿದ ಹಾಡುಗಳಿಗೂ ಅದಕ್ಕೂ ಒಂದು ನಂಟು ನನಗೆ ಸಿಗಲಿಲ್ಲ. ಸಿನಿಮಾ ಹಾಡುಗಳು ಈಗ ಒಂದೊಂದೇ ಲಿರಿಕಲ್ ವಿಡಿಯೊ ಆಗಿ, ವಾರಗಳ ಅಂತರದಲ್ಲಿ ಬರುತ್ತವೆ. ಎಲ್ಲ ಬಂದು ಮುಗಿಯುವ ಹೊತ್ತಿಗೆ ಮೊದಲನೆಯದು ಹಳತಾಗಿರುತ್ತದೆ. ಅವುಗಳನ್ನು ಒಟ್ಟಿಗೆ ಕೂರಿಸಿ ನೋಡುವ ಸಂದರ್ಭವೇ ಬರುವುದಿಲ್ಲ.

ಈ ಮಾತಿಗೆ ಅಡ್ಡಿಯಾಗಿ ನಿಲ್ಲುವುದು ‘ಸಪ್ತ ಸಾಗರದಾಚೆ ಎಲ್ಲೋ’. ಅದು 2023ರದು, ಆದರೂ ನಾನು 2024ರಲ್ಲಿ ಮತ್ತೆ ಮತ್ತೆ ಮರಳಿದ್ದು ಅದಕ್ಕೇ. ಗೋಪಾಲಕೃಷ್ಣ ಅಡಿಗರ ಸಾಲನ್ನು ಹೆಸರಾಗಿ ಹೊತ್ತ ಹೇಮಂತ್ ರಾವ್ ಅವರ ಸಿನಿಮಾ ಎರಡು ಭಾಗವಾಗಿ ಬಂತು: ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ. ಕ್ಯಾಸೆಟ್ಟಿನ ಎರಡು ಮಗ್ಗುಲು. ಜೈಲಿನಲ್ಲಿರುವ ಮನುವಿಗೆ ಪ್ರಿಯಾಳ ದನಿ ತಲುಪುವುದೂ ಕ್ಯಾಸೆಟ್ಟಿನ ಮೂಲಕವೇ. ಚರಣ್ ರಾಜ್ ಅವರ ಸಂಗೀತವನ್ನು ಸಿನಿಮಾ ಬಿಟ್ಟು ಬರೀ ಕಿವಿಯಲ್ಲಿ ಕೇಳಿದರೂ ಎರಡು ಮಗ್ಗುಲುಗಳ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲಿನದರಲ್ಲಿ ಕಡಲು ಇನ್ನೂ ಮುಂದಿದೆ, ಎರಡನೆಯದರಲ್ಲಿ ಕಡಲಿನ ಹತ್ತಿರ ಬಂದರೂ ಏನೂ ಸರಿಹೋಗುವುದಿಲ್ಲ. ಸೈಡ್ ಬಿ ಸಿನಿಮಾ ನನಗೆ ಅಷ್ಟು ಒಗ್ಗಲಿಲ್ಲ. ಸಂಗೀತ ಮಾತ್ರ ಎರಡೂ ಮಗ್ಗುಲು ಸೇರಿದರೇ ಪೂರ್ತಿ.

ಇನ್ನು ಗಾಯಕಿ ಗಾನವ್ಯಾ ಅವರ ಆಲ್ಬಂ. ‘ಡಾಟರ್ ಆಫ್ ಎ ಟೆಂಪಲ್’ 2024ರ ನವೆಂಬರಿನಲ್ಲಿ ಬಂತು, ಮೆಕ್ಕೆಜೋಳದ ಸುಗ್ಗಿ ಯಾರ್ಡಿನಲ್ಲಿ ತುಂಬಿ ತುಳುಕುವ ಕಾಲ. ರಾತ್ರಿ ಮನೆ ಸೇರುವುದೇ ತಡ. ಹಾಗಾಗಿ ಅದನ್ನು ಕೇಳಿದ್ದು ಬೆಳಗಿನ ಜಾವ. ನ್ಯೂಯಾರ್ಕಿನಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ ಗಾನವ್ಯಾ, ಹರಿಕಥೆ ಕಲಿತವರು, ವಿಠ್ಠಲನ ಭಕ್ತರಾದ ವಾರಕರಿಗಳ ಅಭಂಗ ಹಾಡಿದವರು. ಹ್ಯೂಸ್ಟನ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಲಾವಿದರನ್ನು ಸೇರಿಸಿ, ಆಲಿಸ್ ಕೋಲ್ಟ್ರೇನ್ ಅವರ ನೆನಪಿಗೆ ಈ ಸಂಗೀತ ಕಟ್ಟಿದರು. ಆಲಿಸ್ ಕೋಲ್ಟ್ರೇನ್ ಹಾರ್ಪ್, ಪಿಯಾನೊ ನುಡಿಸುತ್ತಿದ್ದ ಜ್ಯಾಝ್ ಕಲಾವಿದೆ. ಗಂಡ ಜಾನ್ ಕೋಲ್ಟ್ರೇನ್ ತೀರಿಕೊಂಡ ಮೇಲೆ ವೇದಾಂತದ ಕಡೆ ತಿರುಗಿದರು. ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ, ಸ್ವಾಮಿನಿ ತುರೀಯಸಂಗೀತಾನಂದ ಎಂಬ ಹೆಸರಿನಲ್ಲಿ, ಸಿಂಥಸೈಜರ್ ಇಟ್ಟುಕೊಂಡು ಭಜನೆ ಹಾಡಿಸಿದರು. ಗಾನವ್ಯಾ ಆ ಭಜನೆಯನ್ನು ತಿರುಗಿ ನಮ್ಮ ಕಡೆಗೆ ತಂದಿದ್ದಾರೆ. ಜ್ಞಾನೇಶ್ವರರು ‘ಕಾನಡಾ’, ಅಂದರೆ ಕನ್ನಡದವ, ಎಂದು ಕರೆದ ವಿಠ್ಠಲನ ದಾರಿ ಅದು. ನಮ್ಮೂರಿನಲ್ಲೂ ವಿಠ್ಠಲನ ಭಜನೆಗೆ ತಾಳ ಹಿಡಿದು ನಿಲ್ಲುವ ಮನೆತನಗಳಿವೆ. ಈ ಆಲ್ಬಂನಲ್ಲಿ ಗುಂಪು ಹಾಡುವಾಗ ಒಬ್ಬರ ಹಿಂದೆ ಒಬ್ಬರು ತುಸು ತಡವಾಗಿ ಸೇರಿಕೊಳ್ಳುವ ರೀತಿ ಇದೆಯಲ್ಲ, ಅದು ಭಜನೆ ಕೇಳಿದವರಿಗೆಲ್ಲ ಗೊತ್ತು. ಅದನ್ನು ಸ್ಟುಡಿಯೊದಲ್ಲಿ ತಿದ್ದಿ ಸಾಪಾಟು ಮಾಡಿಲ್ಲ. ಕೆಲವು ಕಡೆ ಉದ್ದವಾಯಿತು ಅನ್ನಿಸುತ್ತದೆ. ಆದರೂ ನಡುವೆ ಬಿಟ್ಟೇಳಲು ಮನಸ್ಸಾಗಲಿಲ್ಲ.

“ಆಲ್ಬಂ ಅನ್ನೋದೆಲ್ಲ ಇಂಗ್ಲಿಷಿನವರದ್ದು, ನಮ್ಮಲ್ಲಿ ಬಿಡಿ ಹಾಡೇ” ಎಂದು ಸಂಗೀತ ಬಲ್ಲ ಹಿರಿಯರೊಬ್ಬರು ನನ್ನ ಜೊತೆ ವಾದ ಮಾಡಿದರು. ಇದನ್ನು ನಾನು ಒಪ್ಪುವುದಿಲ್ಲ. ತಟ್ಟೆ, ಕ್ಯಾಸೆಟ್ಟು, ಸಿ.ಡಿ. ಹೊರಗಿನಿಂದ ಬಂದವು, ನಿಜ. ಗ್ರಾಮಫೋನಿನ ದೊಡ್ಡ ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಚಿಲ್ಲರೆ, 60 ನಿಮಿಷದ ಕ್ಯಾಸೆಟ್ಟಿನ ಮಗ್ಗುಲಿಗೆ ಅರ್ಧ ಗಂಟೆ. ಆ ಅಳತೆಯೊಳಗೆ ಹಾಡು ಜೋಡಿಸುವುದನ್ನು ಕನ್ನಡಿಗರು ಬಲು ಬೇಗ ಕಲಿತರು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. ಒಬ್ಬ ಕವಿ, ಒಬ್ಬ ಸಂಯೋಜಕ, ಒಂದು ಕ್ಯಾಸೆಟ್ಟು. ಸಿನಿಮಾದ ಕಥೆಯ ಆಸರೆ ಇಲ್ಲದೆ ಹಾಡುಗಳು ತಮ್ಮ ಕಾಲ ಮೇಲೆ ನಿಂತವು. ಸಿ. ಅಶ್ವತ್ಥರು ಶರೀಫಜ್ಜನ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದೂ ಈ ದಾರಿಯಲ್ಲೇ. ನನ್ನ ಹರೆಯದಲ್ಲಿ ಅಂಗಡಿಗೆ ಚೀಟಿ ಬರೆದುಕೊಟ್ಟರೆ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಆ ಚೀಟಿಯಲ್ಲಿ ಹಾಡುಗಳ ಸಾಲು ಬದಲಾಯಿಸುತ್ತಾ ಸಂಜೆಗಳನ್ನೇ ಕಳೆದವರು ನನ್ನಂತೆ ಎಷ್ಟೋ ಜನ.

ಕ್ಯಾಸೆಟ್ಟಿಗೂ ಹಿಂದೆ ಹೋದರೆ ನನ್ನ ಮಾತಿಗೆ ಬಲ ಇನ್ನೂ ಹೆಚ್ಚುತ್ತದೆ. ದಾವಣಗೆರೆ ವೃತ್ತಿ ನಾಟಕ ಕಂಪನಿಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿ ಇಲ್ಲಿಯದು, ಚಿಂದೋಡಿ ಲೀಲಾ ಇಲ್ಲಿಯವರು. ನಾಂದಿಯಿಂದ ಮಂಗಳದವರೆಗೆ ಒಂದು ರಾತ್ರಿಯ ರಂಗಗೀತೆಗಳಿಗೆ ಕ್ರಮ ಇತ್ತು. ಯಾವ ದೃಶ್ಯದ ಹಿಂದೆ ಯಾವ ಮಟ್ಟು ಬರಬೇಕು, ಅಳುವಿನ ಪದ ಆದ ಮೇಲೆ ಹಾಸ್ಯದವರು ಎಷ್ಟು ಬೇಗ ಬರಬೇಕು ಎಂಬುದು ಹಾರ್ಮೋನಿಯಂ ಮಾಸ್ತರರಿಗೆ ಗೊತ್ತಿತ್ತು. ಇನ್ನೂ ಆಚೆ, ಚಳ್ಳಕೆರೆ ಸೀಮೆಯ ಹಟ್ಟಿಗಳಿಗೆ ಹೋಗಿ. ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಉದ್ದನೆಯ ಬಿದಿರಿನ ಗಣೆ ಊದಿಕೊಂಡು ರಾತ್ರಿಯೆಲ್ಲಾ ಹಾಡುತ್ತಾರೆ. ಹುಟ್ಟಿನ ಪದ ಹುಟ್ಟಿನ ಹೊತ್ತಿಗೆ, ಸಾವಿನ ಪದ ಸಾವಿನ ಹೊತ್ತಿಗೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವುಗಳನ್ನು ಬರೆದಿಟ್ಟುಕೊಂಡದ್ದರಿಂದ ನಮಗೆ ಉಳಿದವು. ಅಕ್ಷರ ಬಾರದ ಆ ತಾಯಿಯ ತಲೆಯಲ್ಲಿ ಇಷ್ಟು ಪದಗಳು ಕಲಸಿಹೋಗದೆ ನಿಂತದ್ದು ಕ್ರಮದ ಬಲದಿಂದ. ಒಂದು ಪದ ಮುಗಿದರೆ ಅದು ಮುಂದಿನದನ್ನು ಕರೆಯುತ್ತದೆ. ಇದಕ್ಕಿಂತ ದೊಡ್ಡ ಆಲ್ಬಂ ನನಗೆ ಗೊತ್ತಿಲ್ಲ.

2024ರ ಡಿಸೆಂಬರ್ 15, ಭಾನುವಾರ. ಜಾಕಿರ್ ಹುಸೇನ್ ಅವರಿಗೆ ಹುಷಾರಿಲ್ಲ ಎಂಬ ಸುದ್ದಿ ರಾತ್ರಿಯೇ ಹರಿದಾಡುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ತೀರಿಕೊಂಡರು ಎಂಬುದು ಸೋಮವಾರ ಖಚಿತವಾಯಿತು. 73 ವರ್ಷ. ಯಾರ್ಡಿನಲ್ಲಿ ಆ ಹೊತ್ತಿಗೆ ಜೋಳದ ಲಾರಿಗಳ ಸಾಲು, ಧೂಳು, ತೂಕದ ಗದ್ದಲ. ಅಲ್ಲಿ ಬಹಳ ಜನರಿಗೆ ಅವರು ಟೀ ಜಾಹೀರಾತಿನ ‘ವಾಹ್ ತಾಜ್’ನವರು. ಅದರಲ್ಲಿ ತಪ್ಪೇನೂ ಇಲ್ಲ. ತಬಲಾ ಹಿಡಿದ ಒಬ್ಬ ಮನುಷ್ಯನ ಮುಖ ದಾವಣಗೆರೆಯ ಹಮಾಲರಿಗೂ ಗೊತ್ತಿರುವುದು ಸಣ್ಣ ಸಂಗತಿಯಲ್ಲ.

ನಮ್ಮ ಮಂಡಿಯ ಹಿರಿಯ ಹಮಾಲರೊಬ್ಬರು ತಮ್ಮ ಊರಿನ ಭಜನಾ ಮೇಳದಲ್ಲಿ ಡೋಲಕ್ ನುಡಿಸುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಪಕ್ಕ ಕೂತು ‘ದಿಸ್ ಮೊಮೆಂಟ್’ ಹಾಕಿದೆ. ಶಕ್ತಿ ತಂಡದ ಆಲ್ಬಂ, 2023ರ ಜೂನ್‌ನಲ್ಲಿ ಬಂದದ್ದು. ಗಿಟಾರಿನ ಜಾನ್ ಮೆಕ್‌ಲಾಕ್ಲಿನ್, ಜಾಕಿರ್, ಹಾಡಲು ಶಂಕರ್ ಮಹದೇವನ್, ಪಿಟೀಲಿಗೆ ಗಣೇಶ್ ರಾಜಗೋಪಾಲನ್, ಖಂಜಿರಕ್ಕೆ ಸೆಲ್ವಗಣೇಶ್. ಸೆಲ್ವಗಣೇಶರ ತಂದೆ ವಿಕ್ಕು ವಿನಾಯಕರಾಮ್ ಹಳೆಯ ಶಕ್ತಿಯಲ್ಲಿ ಘಟ ನುಡಿಸಿದವರು. 1977ರ ನಂತರ ಶಕ್ತಿ ಎಂಬ ಹೆಸರಿನಲ್ಲಿ ಸ್ಟುಡಿಯೊ ಆಲ್ಬಂ ಬಂದದ್ದು ಇದೇ. ಬಾಯಲ್ಲೇ ತಾಳದ ಸೊಲ್ಲು ಹೇಳುವ ಕಡೆ ಬಂದಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಗುಮಾಸ್ತ್ರೆ, ಇದು ನಮ್ ಗುರುಗಳು ಬಾಯಾಗೇ ಹೇಳ್ಕೊಡ್ತಿದ್ರಲ್ಲ, ಅದೇ ಅಲ್ಲೇನ್ರಿ?” ಅಂದರು. ಹೌದು ಯಜಮಾನ, ಅದೇ. ಅವರ ಬೆರಳು ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು. ನಡುವೆ ಎಲ್ಲೋ ಲೆಕ್ಕ ತಪ್ಪಿತು, ಮತ್ತೆ ಹಿಡಿದರು. ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಬಿದ್ದಾಗ ನನ್ನ ಕಡೆ ನೋಡಿ ನಕ್ಕರು. ಅವತ್ತು ಜಾಕಿರ್ ಅವರಿಗೆ ಸಂದ ಶ್ರದ್ಧಾಂಜಲಿಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದೊಂದೇ.

ಆ ಆಲ್ಬಂನ ಮೊದಲ ತುಣುಕು ‘ಶ್ರೀನಿಸ್ ಡ್ರೀಮ್’. 2014ರಲ್ಲಿ ಚಿಕ್ಕ ವಯಸ್ಸಿಗೇ ಹೋದ ಮ್ಯಾಂಡೊಲಿನ್ ಶ್ರೀನಿವಾಸರ ನೆನಪು. ಸತ್ತ ಗೆಳೆಯನನ್ನು ಆಲ್ಬಂನ ಹೊಸ್ತಿಲಲ್ಲೇ ಕೂರಿಸಿ ಉಳಿದದ್ದನ್ನೆಲ್ಲ ಅವನೆದುರು ನುಡಿಸಿದ್ದಾರೆ. ಜಾಕಿರ್ ಹೋದ ಮೇಲೆ ಕೇಳಿದರೆ ಇಡೀ ಆಲ್ಬಂ ತಿರುಗಿ ನಿಲ್ಲುತ್ತದೆ. ನೆನಪು ಮಾಡಿಕೊಂಡವರೇ ಈಗ ನೆನಪಾಗಿದ್ದಾರೆ. ತ್ಯಾಗರಾಜರ ಕೃತಿಯಿಂದ ಹುಟ್ಟಿದ ‘ಗಿರಿರಾಜ ಸುಧಾ’ದಲ್ಲಿ ತಬಲಾ ತೀರಾ ಹಿಂದೆ ನಿಂತು ನಡೆಸಿಕೊಡುತ್ತದೆ. ಅಷ್ಟು ಕೈಚಳಕ ಇದ್ದವರು ಅಷ್ಟು ಕಡಿಮೆ ನುಡಿಸಿದ್ದಾರೆ. 2024ರ ಫೆಬ್ರವರಿಯಲ್ಲಿ ಈ ಆಲ್ಬಂಗೆ ಗ್ರ್ಯಾಮಿ ಬಂದ ರಾತ್ರಿ ಜಾಕಿರ್ ಒಬ್ಬರೇ ಮೂರು ಗ್ರ್ಯಾಮಿ ಪಡೆದಿದ್ದರು. ಅದೇ ವರ್ಷದ ಕೊನೆಗೆ ಹೀಗಾಯಿತು.

ಆ ವರ್ಷ ಕನ್ನಡ ನಾಡು ಇನ್ನೊಬ್ಬರನ್ನೂ ಕಳೆದುಕೊಂಡಿತು, ಅಷ್ಟು ಸದ್ದಿಲ್ಲದೆ. ಜೂನ್ 11ರಂದು ಮೈಸೂರಿನಲ್ಲಿ ರಾಜೀವ ತಾರಾನಾಥರು ಹೋದರು. ಪಂಡಿತ ತಾರಾನಾಥರ ಮಗ, ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು, ಕನ್ನಡದ ವಿಮರ್ಶಕರು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದಿಗೆ ಬದುಕು ಕೊಟ್ಟವರು. ‘ಸಂಸ್ಕಾರ’ ಸಿನಿಮಾದ ಸಂಗೀತ ಅವರದು. ಜೂನ್, ಜುಲೈ ಪೂರ್ತಿ ನಾನು ಸಂಜೆ ಕೇಳಿದ್ದು ಅವರ ಸರೋದ್ ರೆಕಾರ್ಡಿಂಗುಗಳನ್ನೇ. ಸರೋದಿಗೆ ಮೆಟ್ಟಿಲಿಲ್ಲ, ನುಣುಪಾದ ಲೋಹದ ತಗಡು. ಉಗುರಿನ ಅಂಚಿನಿಂದ ತಂತಿ ಒತ್ತಿ ಸ್ವರ ಹಿಡಿಯಬೇಕು. ಅಲ್ಲಿ ಸ್ವರ ಯಾವುದೂ ಸಿದ್ಧವಾಗಿ ಕಾದು ಕೂತಿರುವುದಿಲ್ಲ. ಅವರು ಆಲಾಪದಲ್ಲಿ ಒಂದು ಸ್ವರದಿಂದ ಮುಂದಿನದಕ್ಕೆ ಹೋಗಲು ತೆಗೆದುಕೊಳ್ಳುವ ಸಮಯದಲ್ಲಿ ಕೆರೆಯ ಒಂದು ತಿರುವೇ ದಾಟಿಬಿಡುತ್ತೇನೆ. ರಾಗ ಬೆಳೆಯುವ ಹಂತಗಳು ಇವು: ಆಲಾಪ, ಜೋಡ್, ಝಾಲಾ, ಆಮೇಲೆ ತಬಲಾ ಬಂದು ಗತ್. ಇದನ್ನು ತಿರುವು ಮುರುವು ಮಾಡಿ ಕೇಳಲು ಯಾವ ಗುಂಡಿಗೂ ಸಾಧ್ಯವಿಲ್ಲ. ನಮ್ಮ ರಾಗ ಸಂಗೀತಕ್ಕೆ ಷಫಲ್ ತಾಗುವುದೇ ಇಲ್ಲ ಎಂದು ಆ ದಿನಗಳಲ್ಲಿ ಹೊಳೆದು ನೆಮ್ಮದಿಯಾಯಿತು. ಅಂದಹಾಗೆ, ಸಂಗೀತಗಾರನೊಬ್ಬನ ಇಡೀ ಬಾಳನ್ನು ಕಾದಂಬರಿಯಾಗಿಸಿದ ‘ಹಂಸಗೀತೆ’ ನಮ್ಮ ದುರ್ಗದ ತ.ರಾ.ಸು. ಅವರದು. ರಾಜೀವ ತಾರಾನಾಥರ ಬಾಳೂ ಅಂಥದ್ದೊಂದು ಕಾದಂಬರಿಗೆ ಸಾಕಾಗುವಷ್ಟಿದೆ. ಯಾರಾದರೂ ಬರೆಯಬೇಕು.

ಕನ್ನಡದಲ್ಲಿ ಸಿನಿಮಾದ ಹೊರಗಿನ ಪೂರ್ತಿ ಆಲ್ಬಂ ಒಂದು ನನ್ನ ಈ ಖಾತೆಯಲ್ಲಿ ಇರಬೇಕಿತ್ತು. ಬಿಡಿ ಹಾಡುಗಳು ಬಂದವು, ಚೆನ್ನಾಗಿದ್ದವೂ ಇದ್ದವು. ಆದರೆ ಎಂಟೋ ಹತ್ತೋ ಹಾಡು ಒಂದಕ್ಕೊಂದು ಮಾತಾಡಿಕೊಂಡು ಹೋಗುವ ಆಲ್ಬಂ ನನ್ನ ಕಿವಿಗೆ ಬೀಳಲಿಲ್ಲ. ರಘು ದೀಕ್ಷಿತರ ಮೊದಲ ಆಲ್ಬಂ 2008ರಲ್ಲಿ ಬಂದಾಗ ಶರೀಫಜ್ಜನ ಪದಗಳು ಗಿಟಾರ್ ಹಿಡಿದ ಹೊಸ ಹುಡುಗರ ಬಾಯಿಗೆ ಬಂದವು. 2013ರ ‘ಜಗ ಚಂಗ’ವನ್ನೂ ನಾನು ಇಡಿಯಾಗಿ ಕೇಳಿದವನು. ಆ ದಾರಿಯಲ್ಲಿ ನಡೆಯಬಲ್ಲ ದನಿಗಳು ಈಗ ಆಗಿನದಕ್ಕಿಂತ ಹೆಚ್ಚು ಇವೆ. ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಮಾಡುವ ಅನುಕೂಲವೂ ಇದೆ. ಇಲ್ಲದಿರುವುದು ಕೊಳ್ಳುವವರು. ಎಣಿಕೆಯ ಆ್ಯಪ್‌ಗಳನ್ನು ನೆಚ್ಚಿಕೊಂಡರೆ ಆಗುವುದಿಲ್ಲ. ಕಲಾವಿದರಿಂದಲೇ ಆಲ್ಬಂ ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣದಲ್ಲಿ ಆಲ್ಬಂ ಇಟ್ಟರೆ, ನಾವು ಕೊಟ್ಟ ನೂರು ರೂಪಾಯಿಯಲ್ಲಿ ಸರಾಸರಿ 82ರಷ್ಟು ಮಾಡಿದವರಿಗೇ ಸೇರುತ್ತದೆ. ದಾವಣಗೆರೆಯಲ್ಲಿ ಒಂದು ಬೆಣ್ಣೆದೋಸೆ, ಒಂದು ಕಾಫಿಗೆ ಆಗುವ ದುಡ್ಡಿನಲ್ಲಿ ಒಂದು ಆಲ್ಬಂನ ಅರ್ಧ ಬೆಲೆಯಾದರೂ ಬಂದೀತು.

ಹೊಸದಾಗಿ ಹಾಡು ಕಟ್ಟುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ: ಆರನೆಯ ಹಾಡನ್ನೂ ಮಾಡಿ. ಮಾಡಿದ ಮೇಲೆ ಇಲ್ಲಿ ಬರೆದು ತಿಳಿಸಿ. ಕೊಂಡುಕೊಂಡು, ನೀವು ಜೋಡಿಸಿದ ಸಾಲಿನಲ್ಲೇ ಕೇಳಿ, ಅನ್ನಿಸಿದ್ದನ್ನು ಬರೆಯುತ್ತೇನೆ. ದುರ್ಗದ ಬಸ್ಸು ದಿನಾ ಇದೆ.